ಚಟ್ನಿಪುಡಿ ಪ್ಯಾಕೆಟ್ಟಿಗೆ ಅಕಾಯ ಫಾಂಟ್

ಗೌರಿಬಿದನೂರಿನಲ್ಲಿ ಲೇಬಲ್ ಡಿಸೈನ್ ಮಾಡುವವರಿಗೆ ಒಂದು ತಲೆನೋವು ಇದ್ದೇ ಇರುತ್ತದೆ. ಮಾಲು ಅರ್ಧ ಇಲ್ಲೇ ಖರ್ಚಾಗುತ್ತದೆ, ಇನ್ನರ್ಧ ಗಡಿ ದಾಟಿ ಹಿಂದೂಪುರಕ್ಕೆ ಹೋಗುತ್ತದೆ. ಹಾಗಾಗಿ ಹೆಸರು ಕನ್ನಡದಲ್ಲೂ ಬೇಕು, ತೆಲುಗಿನಲ್ಲೂ ಬೇಕು. ಎರಡೂ ಒಂದೇ ಮನೆ ಮಾಲು ಅಂತ ಕಾಣಬೇಕು ಬೇರೆ.

ಇಂಥ ಕೆಲಸಕ್ಕೆ ನಾನು ಫಾಂಟ್ ಮಾಡುವ ಏಕ್ ಟೈಪ್‌ನವರ ಜೋಡಿ ಹಾಕುತ್ತಿದ್ದೆ, ಕನ್ನಡಕ್ಕೆ ಬಾಲೂ ತಮ್ಮ, ತೆಲುಗಿಗೆ ಬಾಲೂ ತಮ್ಮುಡು. ಒಳ್ಳೆಯ ಫಾಂಟೇ. ಆದರೆ ತೀರಾ ದುಂಡಗೆ, ನುಣುಪು. ಐಸ್‌ಕ್ರೀಮಿಗೆ ಸರಿ, ಖಾರಕ್ಕಲ್ಲ.

ಈ ಸಲ ಶೇಂಗಾ ಚಟ್ನಿಪುಡಿಗೆ ಅಕಾಯ ಹಾಕಿದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಫಾಂಟ್ ಇದು. ಕನ್ನಡಕ್ಕೆ ಅಕಾಯ ಕನಡಕ, ತೆಲುಗಿಗೆ ಅಕಾಯ ತೆಲಿವಿಗಳ, ಎರಡು ಬೇರೆ ಫೈಲ್. ಇಂಗ್ಲಿಷ್ ಅಕ್ಷರ ಎರಡರಲ್ಲೂ ಒಂದೇ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ವ್ಯಾಪಾರಕ್ಕೂ ಬಳಸಬಹುದು, ಫಾಂಟನ್ನೇ ಮಾರುವ ಹಾಗಿಲ್ಲ ಅಷ್ಟೆ.

ಅಕ್ಷರಗಳಲ್ಲಿ ಗತ್ತಿದೆ. ಗೆರೆ ಒಂದೇ ದಪ್ಪಕ್ಕೆ ಓಡುವುದಿಲ್ಲ, ಚಾಕುವಿನಲ್ಲಿ ಕೆತ್ತಿದ ಹಾಗೆ ಅಲ್ಲಲ್ಲಿ ಏರಿಳಿಯುತ್ತದೆ. ‘ಚಟ್ನಿ’ ಅಂತ ಟೈಪ್ ಮಾಡಿ, ದೊಡ್ಡದು ಮಾಡಿ ನೋಡಿ. ‘ಟಿ’ ಕೆಳಗಿನ ನ-ಒತ್ತು ಕೂಡ ಸುಮ್ನೆ ಚಿಕ್ಕದು ಮಾಡಿ ಅಂಟಿಸಿದ್ದಲ್ಲ, ಅದಕ್ಕೂ ಮೇಲಿನ ಅಕ್ಷರದ ತೂಕವೇ ಇದೆ. ಕನ್ನಡದ ತಲೆಕಟ್ಟು ಅಡ್ಡಕ್ಕೆ ಮಲಗುತ್ತದೆ, ತೆಲುಗಿನದು ಟಿಕ್ ಹಾಕಿದಂತೆ ಮೇಲೇಳುತ್ತದೆ. ಆ ವ್ಯತ್ಯಾಸ ಹಾಗೇ ಉಳಿದಿದೆ, ಆದರೂ ಎರಡನ್ನೂ ಬರೆದ ಕೈ ಒಂದೇ ಅಂತ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದೂ ಅದೇ ಅಲ್ವಾ!

ತೊಂದರೆಯೂ ಇದೆ. ಬಾಲೂದಲ್ಲಿ 5 ದಪ್ಪ ಸಿಗುತ್ತವೆ, ಇದರಲ್ಲಿ ಒಂದೇ. ಇನ್ನೂ ದಪ್ಪ ಬೇಕು ಅಂತ ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ತಾನೇ ಸುತ್ತ ಮಸಿ ಬಳಿಯುತ್ತದೆ, ಒತ್ತಕ್ಷರದೊಳಗಿನ ಸಂದು ಮುಚ್ಚಿಹೋಗುತ್ತದೆ. ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರಗಳಿಗಂತೂ ಬೇಡವೇ ಬೇಡ. ಅಲ್ಲಿ ನಾನು ನೋಟೊ ಸಾನ್ಸ್ ಕನ್ನಡ ಹಾಕಿದೆ.

ಪ್ರೆಸ್ಸಿಗೆ ಕೊಡುವವರಿಗೆ ಒಂದು ಮಾತು. ನಮ್ಮ ಕಡೆ ಎಷ್ಟೋ ಕಡೆ ಇನ್ನೂ ಹಳೆ ಆಸ್ಕಿ ಫಾಂಟ್‌ಗಳದ್ದೇ ಕಾರುಬಾರು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಫಾಂಟ್‌ಗಳದ್ದು. ಅಕಾಯ ಯೂನಿಕೋಡ್, ಅಂದರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಕೇತ ಇರುವ ಪದ್ಧತಿಯದ್ದು. ಹಳೆ ಮ್ಯಾಟರನ್ನು ಹಾಗೇ ತಂದು ಸುರಿದರೆ ಕಸ ಬರುತ್ತದೆ, ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಪ್ರೆಸ್ಸಿನ ಸಾಫ್ಟ್‌ವೇರ್ ಹಳೆಯದಾದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಅದಕ್ಕೇ ನಾನು ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಅಕ್ಷರಗಳನ್ನು ಪಾತ್‌ಗೆ, ಅಂದರೆ ಬರೀ ಗೆರೆಯ ಚಿತ್ರಕ್ಕೆ ಬದಲಾಯಿಸಿ, ಪಿಡಿಎಫ್ ಮಾಡಿ ಕೊಡುತ್ತೇನೆ. ಆಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ. ಮೊದಲೇ ಗಿರಾಕಿಗೆ ತೋರಿಸಿ ಒಪ್ಪಿಗೆ ತಗೊಳ್ಳಿ.

ಉಪ್ಪಿನಕಾಯಿ, ಮಿಕ್ಸ್ಚರ್, ನಾಟಕದ ಪೋಸ್ಟರ್, ಇವಕ್ಕೆಲ್ಲ ಧಾರಾಳವಾಗಿ ಹಾಕಿ. ಮದುವೆ ಕಾರ್ಡಿಗೆ ಮಾತ್ರ ನಾನು ಹಾಕುವುದಿಲ್ಲ, ಗಿರಾಕಿ ಕೇಳಿದರೂ.