30×40 ಸೈಟಿನೊಳಗೆ ಕೆರೆಯ ಅಂಚು

ಮೂವತ್ತೊಂದು ವರ್ಷ ಸರ್ವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಕಲಾಪ್ರದರ್ಶನಗಳಿಗೆ ಹೋಗುವ ಅಭ್ಯಾಸ ಇಲ್ಲ. ಬೆಂಗಳೂರಿನ ಸಾರಕ್ಕಿ ಕಡೆ ಒಂದು ಖಾಲಿ ಸೈಟಿನಲ್ಲಿ ಕೆಲವು ಹುಡುಗ ಹುಡುಗಿಯರು ಇನ್‌ಸ್ಟಲೇಷನ್ ಅಂತ ಒಳಗೆ ಓಡಾಡಿ ನೋಡುವ ಕಲಾಕೃತಿ ಮಾಡಿದ್ದಾರೆ, ಹಳೇ ಕೆರೆಯ ನೀರಿನ ಗಡಿ ತೋರಿಸುತ್ತಾರಂತೆ ಅಂತ ಮಗಳು ಹೇಳಿದಳು. ಗಡಿ ಅಂದ ಮೇಲೆ ಮನೇಲಿ ಕೂರೋಕೆ ಆಗುತ್ತಾ? ಎರಡು ಸಲ ಹೋಗಿ ಬಂದೆ.

ಟಿಕೆಟ್ ಇಲ್ಲ. ಸೈಟಿನ ಉದ್ದಕ್ಕೂ ಮೊಣಕಾಲು ಆಳದ ಒಂದು ಗುಂಡಿ ತೋಡಿದ್ದಾರೆ. ಅದರೊಳಗೆ ಇಳಿದು ನಡೆಯಬೇಕು. ಮೇಲೆ ಒಂದಡಿ ಡೆಬ್ರಿಸ್: ಇಟ್ಟಿಗೆ ಚೂರು, ಟೈಲ್ಸು, ಯಾರದೋ ಮುರಿದ ಬಾಚಣಿಗೆ. ಅದರ ಕೆಳಗೆ ರಸ್ತೆ ಕಡೆ ಕೆಮ್ಮಣ್ಣು, ಹಿಂದುಗಡೆ ಕಪ್ಪು ಗೋಡು, ಅಂದರೆ ಹೂಳು ಮಣ್ಣು. ಎರಡೂ ಸೇರುವ ಜಾಗದಲ್ಲಿ ನೀಲಿ ಹಗ್ಗ ಕಟ್ಟಿದ್ದಾರೆ. ಆ ಹಗ್ಗ ಕಾಂಪೌಂಡ್ ಹತ್ತಿ ಇಳಿದು, ಪಕ್ಕದ ಮನೆ ಅಡುಗೆಮನೆ ಕಿಟಕಿಯ ಕೆಳಗೆ ಹಾದು, ಬೀದಿಗೆ ಹೋಗುತ್ತದೆ. ಗೋಡನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಜಿಗುಟು, ನುಣುಪು. ಕೆರೆಯದೇ.

ನಾನು ಕೆಲಸಕ್ಕೆ ಸೇರಿದಾಗ ಅಳತೆಗೆ 33 ಅಡಿ ಸರಪಳಿ, ಅದರಲ್ಲಿ 16 ಭಾಗ, ಒಂದೊಂದು ಭಾಗಕ್ಕೆ ಆಣೆ ಅನ್ನುತ್ತಿದ್ದೆವು. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗ್ರಾಮ ನಕ್ಷೆಯಲ್ಲಿ ಹೊಲಕ್ಕೆ ಇರುವ ಹಾಗೆ ಕೆರೆಗೂ ಸರ್ವೆ ನಂಬರ್ ಇರುತ್ತದೆ. ಗಡಿ ಗುರುತಿನ ಬಾಂದು ಕಲ್ಲು ಹುಡುಕುತ್ತಿದ್ದೆವು, ಅಳೆಯುತ್ತಿದ್ದೆವು, ಮುಂದಿನ ನಂಬರಿಗೆ ಹೋಗುತ್ತಿದ್ದೆವು. ಕೆರೆಯ ಅಂಚಿನಲ್ಲಿ ಸುಮ್ನೆ ಹತ್ತು ನಿಮಿಷ ನಿಂತಿದ್ದು ನೆನಪಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಿಂದೆ ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಇದು ಊರಿಗೆಲ್ಲ ಗೊತ್ತು. ಆದರೆ ಒಂದು ಕಾಲು ಕೆಮ್ಮಣ್ಣಲ್ಲಿ, ಇನ್ನೊಂದು ಗೋಡಿನಲ್ಲಿ ಇಟ್ಟು ನಿಂತಾಗ ನನಗೆ ಗಂಟಲು ಕಟ್ಟಿತು. ನಾನೇ ಅಳೆದುಕೊಟ್ಟ ಎಷ್ಟೋ ಲೇಔಟುಗಳು ಕಣ್ಮುಂದೆ ಬಂದವು.

ಎರಡು ತಕರಾರು ಇದೆ. ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್ ಕೊಡುತ್ತಾರೆ, ಅದರಲ್ಲಿ ಕಪ್ಪೆ ಕೂಗು, ನೀರಿನ ಸದ್ದು. ಅದು ಬೇಡವಾಗಿತ್ತು. ಮಣ್ಣೇ ಅಷ್ಟು ಹೇಳುತ್ತಿರುವಾಗ ಕಪ್ಪೆ ಯಾಕೆ? ಇನ್ನೊಂದು ಜಾಸ್ತಿ ಬೇಸರದ ಮಾತು. ವಿವರದ ಬೋರ್ಡು ಇಂಗ್ಲಿಷಿನಲ್ಲಿ ಮಾತ್ರ ಇದೆ. ನನ್ನ ಹಿಂದೆ ಎದುರುಗಡೆ ಕಟ್ಟಡದ ಗಾರೆ ಕೆಲಸದವರು ಇಬ್ಬರು ಬಂದಿದ್ದರು. ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸ್ ಹೋಗಲು ಹೊರಟರು. ನಾನೇ ಕರೆದು ಗುಂಡಿಗೆ ಇಳಿಸಿದೆ. ಮಣ್ಣು ನೋಡಿದ್ದೇ ತಡ, ಬೋರ್ಡಿಗಿಂತ ಚೆನ್ನಾಗಿ ಅವರೇ ವಿವರಿಸಿದರು. ಈ ಗೋಡಿನ ಮೇಲೆ ಪಾಯ ಹಾಕಿದರೆ ಗೋಡೆ ಬಿರುಕು ಬಿಡುತ್ತದೆ ಅಂತ.

ಹೋಗುವವರು ಸಂಜೆ ಐದರ ಮೇಲೆ ಹೋಗಿ. ಓರೆ ಬಿಸಿಲಿಗೆ ಎರಡು ಬಣ್ಣ ಚೆನ್ನಾಗಿ ಕಾಣುತ್ತದೆ. ಹಳೇ ಚಪ್ಪಲಿ ಹಾಕಿಕೊಳ್ಳಿ.

ಎರಡನೇ ಸಲ ಹೋದಾಗ ಬೀದಿಯಲ್ಲಿ ಹಗ್ಗ ನಾಲ್ಕು ಅಡಿ ಸರಿದಿತ್ತು. ಯಾಕೆ ಅಂತ ಇನ್‌ಸ್ಟಲೇಷನ್ ಮಾಡಿದ ಹುಡುಗಿಯೊಬ್ಬಳನ್ನು ಕೇಳಿದೆ. ಮೂರನೇ ಮನೆಯ ಅಜ್ಜಿ ಬಂದು, ತಾನು ಬಟ್ಟೆ ಒಗೆಯುತ್ತಿದ್ದ ಕಲ್ಲು ಇಲ್ಲಿತ್ತು, ನೀರು ಇಲ್ಲೀವರೆಗೆ ಬರುತ್ತಿತ್ತು ಅಂದರಂತೆ. ಆ ಹುಡುಗಿ ಮರುಮಾತಾಡದೆ ಹಗ್ಗ ಬಿಚ್ಚಿ ಅಲ್ಲಿಗೇ ಕಟ್ಟಿದ್ದಾಳೆ.