ಪೆಂಟಾಕ್ಸ್ ಕೆ1000: ಕೊಳ್ಳುವ ಮುಂಚೆ ಏನೇನು ನೋಡಬೇಕು

1976ರಲ್ಲಿ ಬಂದು 1997ರವರೆಗೆ ತಯಾರಾದ ಈ ಫಿಲ್ಮ್ ಕ್ಯಾಮೆರಾ ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಆಟೋಫೋಕಸ್ ಇಲ್ಲ, ಸೆಲ್ಫ್ ಟೈಮರ್ ಕೂಡ ಇಲ್ಲ. ಷಟರ್ (ಫಿಲ್ಮ್ ಮೇಲೆ ಬೆಳಕು ಬಿಡುವ ಪರದೆ) ಪೂರ್ತಿ ಯಾಂತ್ರಿಕ, 1 ಸೆಕೆಂಡಿನಿಂದ 1/1000ರವರೆಗೆ. ಬ್ಯಾಟರಿ ಸತ್ತರೂ ಫೋಟೊ ತೆಗೆಯಬಹುದು. ಅದೇ ಕಾಲದ ಕ್ಯಾನನ್ ಎಇ-1ರಲ್ಲಿ ಬ್ಯಾಟರಿ ಇಲ್ಲದೆ ಷಟರ್ ಬೀಳುವುದೇ ಇಲ್ಲ. ಕಲಿಯುವವರಿಗೆ ನನ್ನ ಮತ ಕೆ1000ಕ್ಕೇ.

ಬೆಳಕು ಅಳೆಯುವ ಮೀಟರ್‌ಗೆ ಒಂದು ಎಲ್‌ಆರ್44 ಗುಂಡಿ ಬ್ಯಾಟರಿ ಸಾಕು. ಆದರೆ ಆಫ್ ಮಾಡುವ ಸ್ವಿಚ್ಚೇ ಕೊಟ್ಟಿಲ್ಲ! ಲೆನ್ಸ್ ಮುಚ್ಚಳ ಹಾಕದೆ ಇಟ್ಟರೆ ಬ್ಯಾಟರಿ ಸುಮ್ಮನೆ ಇಳಿಯುತ್ತದೆ.

ಕೊಳ್ಳುವಾಗ ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಬೆಳಕಿನ ಕಡೆ ಹಿಡಿದು 1/1000ಕ್ಕೆ ಷಟರ್ ಒತ್ತಿ. ಚೌಕಟ್ಟು ಇಡಿಯಾಗಿ ಬೆಳಗಬೇಕು. ಒಂದು ಅಂಚು ಕಪ್ಪಾಗಿಯೇ ಉಳಿದರೆ ಬಟ್ಟೆಯ ಪರದೆಗಳ ವೇಗ ಹೊಂದುತ್ತಿಲ್ಲ ಎಂದರ್ಥ; ಸರ್ವೀಸ್ ಖರ್ಚು ಖಂಡಿತ. ಬಾಗಿಲ ಅಂಚಿನ ಫೋಮ್ ಮುಟ್ಟಿ ನೋಡಿ. ಡಾಂಬರಿನಂತೆ ಬೆರಳಿಗೆ ಅಂಟಿದರೆ ಬೆಳಕು ಸೋರಿ ಫೋಟೊ ಮೇಲೆ ಪಟ್ಟೆ ಬೀಳಬಹುದು. ಇದಕ್ಕೆ ಹೆದರಬೇಕಿಲ್ಲ: ಮರದ ಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸ ಫೋಮ್ ಅಂಟಿಸಿ. ಪುಡಿ ಪರದೆ ಮೇಲೆ ಬೀಳದಂತೆ ನೋಡಿಕೊಳ್ಳಿ, ಕನ್ನಡಿಯನ್ನಂತೂ ಮುಟ್ಟಲೇಬೇಡಿ.

ಫಿಲ್ಮ್ ಹಾಕಿದ ಮೇಲೆ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆದು ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯಿರಿ. ಹಿಡಿ ತಾನಾಗಿ ತಿರುಗದಿದ್ದರೆ ಫಿಲ್ಮ್ ಸ್ಪೂಲಿಗೆ ಸಿಕ್ಕಿಲ್ಲ, ಬಾಗಿಲು ತೆರೆದು ಮತ್ತೆ ಹಾಕಿ.