ಇಂಧನ ಸೋರಿದ ನೆಲದಲ್ಲಿ ಬ್ಲಾಡರ್ ಪಂಪ್: ಬಳಸಿದ ಮೇಲಿನ ಅಭಿಪ್ರಾಯ

ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್ ಸೋರಿದ ಜಾಗದ ವೀಕ್ಷಣಾ ಬಾವಿಗಳಿಂದ ಅಂತರ್ಜಲದ ಮಾದರಿ ತೆಗೆಯಲು ಬ್ಲಾಡರ್ ಪಂಪ್ ಕೊಳ್ಳಬೇಕೇ, ಹಗ್ಗಕ್ಕೆ ಕಟ್ಟಿ ಇಳಿಸಿ ನೀರು ಮೊಗೆಯುವ ಅಗ್ಗದ ಕೊಳವೆ, ಅಂದರೆ ಬೇಲರ್, ಸಾಲದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಹುಡುಕುತ್ತಿರುವುದು ಇಂಧನದಲ್ಲಿರುವ ವಿಷಕಾರಿ ಅಂಶವಾದ ಬೆಂಜೀನ್ ಆಗಿದ್ದು, ಬಾವಿಗೆ ನೀರು ಸರಾಗವಾಗಿ ಊರಿ ಬರುತ್ತಿದ್ದರೆ, ಈ ಪಂಪಿಗೆ ಹಾಕಿದ ಹಣ ದಂಡವಾಗುವುದಿಲ್ಲ.

ಪಂಪಿನ ರಚನೆ ಸರಳವಾಗಿದೆ. ಉಕ್ಕಿನ ಸಣ್ಣ ಕೊಳವೆಯೊಳಗೆ ಒಂದು ಮೆತ್ತನೆಯ ಚೀಲವಿರುತ್ತದೆ. ಬಾವಿಯ ನೀರು ತನ್ನದೇ ಒತ್ತಡದಿಂದ ಅದರೊಳಗೆ ತುಂಬಿಕೊಂಡ ಮೇಲೆ, ಚೀಲದ ಹೊರಸುತ್ತಿಗೆ ಬಿಟ್ಟ ಸಂಕುಚಿತ ಗಾಳಿಯು ಅದನ್ನು ಹಿಂಡಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಗೂ ಮಾದರಿಗೂ ಎಲ್ಲಿಯೂ ಸ್ಪರ್ಶವಾಗುವುದಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ. ಇಂಧನದಲ್ಲಿರುವ ಬೆಂಜೀನ್, ಟಾಲೂಯೀನ್, ಈಥೈಲ್‌ಬೆಂಜೀನ್ ಮತ್ತು ಜೈಲೀನ್‌ಗಳು ಸುಲಭವಾಗಿ ಆವಿಯಾಗುವುದರಿಂದ, ಬೇಲರನ್ನು ಇಳಿಸಿ ಎತ್ತುವಾಗಿನ ಕಲಕಾಟದಲ್ಲಿ ಅವುಗಳ ಒಂದಂಶ ಹಾರಿಹೋಗಬಹುದು. ಅದರ ಜೊತೆಗೆ ತಳದ ಹೂಳೂ ಎದ್ದು ಮಾದರಿಗೆ ಸೇರುತ್ತದೆ. ಮೇಲಿನಿಂದ ಹೀರುವ ಪೆರಿಸ್ಟಾಲ್ಟಿಕ್ ಪಂಪು ಸುಮಾರು 8 ಮೀಟರಿಗಿಂತ ಆಳದ ನೀರನ್ನು ಎತ್ತಲಾರದು, ಎತ್ತಿದಾಗಲೂ ಹೀರುವ ಒತ್ತಡದಿಂದ ಇದೇ ನಷ್ಟದ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ. ಅಂಥ ಸೂಕ್ಷ್ಮ ಪ್ರಮಾಣವನ್ನು ಅಳೆಯುವಾಗ ಮಾದರಿ ತೆಗೆಯುವ ಹಂತದ ನಷ್ಟವೇ ಕಲುಷಿತ ಬಾವಿಯನ್ನು ಶುದ್ಧವೆಂದು ತೋರಿಸಿಬಿಡಬಹುದು.

ಪಂಪಿನ ನಿಜವಾದ ಬೆಲೆ ತಿಳಿಯುವುದು ನಿಧಾನವಾಗಿ ಓಡಿಸಿದಾಗ. ನೀರು ಒಳಹೋಗುವ ಪಂಪಿನ ಬಾಯಿಯನ್ನು (ಇನ್‌ಟೇಕ್) ಬಾವಿಗೆ ನೀರು ಊರಿ ಬರುವ ಸೀಳುಗಳುಳ್ಳ ಸ್ಕ್ರೀನ್ ಕೊಳವೆಯ ನಡುಭಾಗದಲ್ಲಿ ನಿಲ್ಲಿಸಿ, ನಿಮಿಷಕ್ಕೆ 100ರಿಂದ 500 ಮಿಲಿಲೀಟರಿನಷ್ಟು ಮಾತ್ರ ಹರಿಸುತ್ತ, ಬಾವಿಯ ನೀರಿನ ಮಟ್ಟ 10 ಸೆಂಟಿಮೀಟರಿಗಿಂತ ಹೆಚ್ಚು ಕುಸಿಯದಂತೆ ನೋಡಿಕೊಂಡರೆ, ಕೇಸಿಂಗ್‌ನಲ್ಲಿ, ಅಂದರೆ ಬಾವಿಯ ಒಳಕೊಳವೆಯಲ್ಲಿ, ನಿಂತ ಹಳೆಯ ನೀರು ಕದಡದೆ ಸುತ್ತಲಿನ ಪದರದ ನೀರೇ ಬರುತ್ತದೆ. ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಮುಂತಾದ ಅಳತೆಗಳು ಕೆಲವು ನಿಮಿಷಗಳ ಅಂತರದಲ್ಲಿ ಸತತ ಮೂರು ಬಾರಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸೀಸೆ ಹಿಡಿಯಬಹುದು. ಕೇಸಿಂಗ್‌ನಲ್ಲಿರುವ ನೀರಿನ ಮೂರು ಪಟ್ಟನ್ನು ಹೊರಚೆಲ್ಲುವ ಹಳೆಯ ಕ್ರಮಕ್ಕೆ ಹೋಲಿಸಿದರೆ ಇಲ್ಲಿ ಹೊರಬರುವ ನೀರು ಬಹಳ ಕಡಿಮೆ. ಆ ನೀರನ್ನೂ ಕಲುಷಿತ ತ್ಯಾಜ್ಯವೆಂದೇ ಡ್ರಮ್ಮಿನಲ್ಲಿ ತುಂಬಿಟ್ಟು ವಿಲೇವಾರಿ ಮಾಡಬೇಕಾದವರಿಗೆ ಇದು ಸಣ್ಣ ಅನುಕೂಲವೇನಲ್ಲ. ಹರಿವು ಶಾಂತವಾಗಿರುವುದರಿಂದ, ಹೈಡ್ರೋಕ್ಲೋರಿಕ್ ಆಮ್ಲ ಹಾಕಿಟ್ಟ 40 ಮಿಲಿಲೀಟರಿನ ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬುವುದೂ ಸುಲಭವಾಗುತ್ತದೆ.

ಇನ್ನು ಕುಂದುಗಳು. ಪಂಪಿಗೆ ಗ್ಯಾಸ್ ಸಿಲಿಂಡರ್ ಅಥವಾ ಕಂಪ್ರೆಸರ್ ಬೇಕು, ಹೊತ್ತೊಯ್ಯುವುದು ತ್ರಾಸ. ಪೆಟ್ರೋಲಿನ ಕುರುಹು ಹುಡುಕುವ ಜಾಗಕ್ಕೆ ಪೆಟ್ರೋಲ್ ಎಂಜಿನ್ನಿನ ಕಂಪ್ರೆಸರನ್ನೇ ಒಯ್ಯುವುದು ನನಗಂತೂ ವಿಪರ್ಯಾಸವೆನಿಸುತ್ತದೆ. ಒಯ್ಯಲೇಬೇಕಾದರೆ ಅದನ್ನು ಬಾವಿಯಿಂದ ದೂರ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಇಡಬೇಕು. ನಾನು ಬಳಸಿದ ಸೆಟ್ಟಿನ ಕೈಪಿಡಿಯು ಮಾರ್ಜಕದಿಂದ ತೊಳೆದು ಅದೇ ಚೀಲವನ್ನು ಮುಂದಿನ ಬಾವಿಗೂ ಬಳಸಬಹುದೆನ್ನುತ್ತದೆ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪ್ರತಿ ಬಾವಿಗೂ ಹೊಸ ಚೀಲ ಮತ್ತು ಹೊಸ ಟ್ಯೂಬ್ ಹಾಕುವುದು, ಕಡಿಮೆ ಕಲುಷಿತವೆಂದು ಗೊತ್ತಿರುವ ಬಾವಿಯಿಂದ ಆರಂಭಿಸುವುದು, ತೊಳೆದ ಪಂಪಿನ ಮೂಲಕ ಶುದ್ಧ ನೀರು ಹಾಯಿಸಿ ಅದನ್ನೂ ಪ್ರಯೋಗಾಲಯಕ್ಕೆ ಕಳುಹಿಸುವುದು ಕ್ಷೇಮ.

ನೀರಿನ ಮೇಲೆ ಇಂಧನದ ಪದರವೇ ತೇಲುತ್ತಿರುವ ಬಾವಿಗೆ ಈ ಪಂಪು ಇಳಿಸಬೇಡಿ. ಮೊದಲು, ಎಣ್ಣೆ ಮತ್ತು ನೀರಿನ ಗಡಿಯನ್ನು ಗುರುತಿಸುವ ಇಂಟರ್‌ಫೇಸ್ ಪ್ರೋಬ್‌ನಿಂದ ಪದರದ ದಪ್ಪ ಅಳೆಯಿರಿ. ಪದರವಿದ್ದಲ್ಲಿ ಉಪಕರಣ ಎಣ್ಣೆಯಲ್ಲಿ ಅದ್ದಿಹೋಗುತ್ತದೆ, ಕರಗಿದ ಅಂಶದ ಅಂಕಿಗೂ ಅರ್ಥವಿರುವುದಿಲ್ಲ. ಜೇಡಿ ನೆಲದಲ್ಲಿ ಕನಿಷ್ಠ ಹರಿವಿಗೂ ಮಟ್ಟ ಕುಸಿಯುತ್ತಲೇ ಇರುವ ಬಾವಿಗಳಲ್ಲಿ ಪಂಪಿನ ಗುಣವೆಲ್ಲ ನಿಷ್ಫಲ. ಅಲ್ಲಿ ಶುದ್ಧ ನೀರು ತುಂಬಿದ, ಬಾವಿಯಲ್ಲಿನ ರಾಸಾಯನಿಕಗಳು ತಾವಾಗಿ ಒಳಗೆ ಇಳಿಯುವ ಪಾಲಿಥೀನಿನ ಡಿಫ್ಯೂಷನ್ ಬ್ಯಾಗನ್ನು ಕೆಲವು ವಾರ ಬಾವಿಯಲ್ಲೇ ಬಿಟ್ಟು ತೆಗೆಯಬಹುದು, ಆದರೆ ಪೆಟ್ರೋಲಿಗೆ ಬೆರೆಸುವ ಎಂಟಿಬಿಇಗೆ ಆ ಬ್ಯಾಗು ಒಗ್ಗದು.

ಒಮ್ಮೆ ಮಾತ್ರ ಪರೀಕ್ಷೆ ಮಾಡಿಸುವವರು ಪಂಪನ್ನು ಬಾಡಿಗೆಗೆ ಪಡೆಯುವುದು ಲೇಸು. ಮೂರು ತಿಂಗಳಿಗೊಮ್ಮೆ ವರ್ಷಗಟ್ಟಲೆ ಮಾದರಿ ತೆಗೆಯುವ ಜಾಗವಾದರೆ ಪ್ರತಿ ಬಾವಿಯಲ್ಲೂ ಒಂದನ್ನು ಕಾಯಂ ಆಗಿ ಇಟ್ಟುಬಿಡುವುದು ಉತ್ತಮ. ಕೊಳ್ಳುವ ಮುನ್ನ ಚೀಲ ಟೆಫ್ಲಾನಿನದೇ, ಬಿಡಿ ಚೀಲಗಳು ಪ್ರತ್ಯೇಕವಾಗಿ ಸಿಗುತ್ತವೆಯೇ ಎಂಬುದನ್ನು ವಿಚಾರಿಸಿಕೊಳ್ಳಿ.